ನಂಬಿ ಕೆಟ್ಟವರು: ಇರಾಕಿನ ಕಮ್ಯುನಿಸ್ಟರ ತೊಂಬತ್ತು ವರ್ಷ

ಇರಾಕಿ ಕಮ್ಯುನಿಸ್ಟ್ ಪಕ್ಷದ ಮೊದಲ ದಶಕಗಳು ಇಂದು ಇಷ್ಟು ವಿವರವಾಗಿ ಗೊತ್ತಿರುವುದಕ್ಕೆ ಮುಖ್ಯ ಕಾರಣ ಬಾಗ್ದಾದಿನ ಗುಪ್ತ ಪೊಲೀಸರು. ಯಾರು ಯಾವ ಮನೆಯಲ್ಲಿ ಸಭೆ ಸೇರಿದರು, ಯಾವ ಕರಪತ್ರ ಎಲ್ಲಿ ಅಚ್ಚಾಯಿತು, ಯಾರ ಕಸುಬೇನು, ಯಾರ ತಂದೆ ಎಂಥವರು ಎಂಬುದನ್ನೆಲ್ಲ ಅವರು ವರ್ಷಗಟ್ಟಲೆ ಕಡತಗಳಲ್ಲಿ ಬರೆದಿಟ್ಟರು. 1958ರಲ್ಲಿ ರಾಜಪ್ರಭುತ್ವ ಉರುಳಿದ ಮೇಲೆ ಪ್ಯಾಲೆಸ್ತೀನ್ ಮೂಲದ ವಿದ್ವಾಂಸ ಹನ್ನಾ ಬಟಾಟು ಅವರಿಗೆ ಆ ಕಡತಗಳನ್ನು ಓದುವ ಅವಕಾಶ ಸಿಕ್ಕಿತು. ಜೈಲಿನಲ್ಲಿದ್ದ ಕಾರ್ಯಕರ್ತರನ್ನೂ ಅವರು ಮಾತನಾಡಿಸಿದರು. ಇರಾಕಿನ ಹಳೆಯ ಸಾಮಾಜಿಕ ವರ್ಗಗಳು ಮತ್ತು ಕ್ರಾಂತಿಕಾರಿ ಚಳವಳಿಗಳ ಬಗ್ಗೆ 1978ರಲ್ಲಿ ಅವರು ಹೊರತಂದ ಗ್ರಂಥ ಸಾವಿರದ ಇನ್ನೂರು ಪುಟಗಳನ್ನು ಮೀರುತ್ತದೆ. ಅರಬ್ ಜಗತ್ತಿನ ಎಡಪಂಥವನ್ನು ಅರಿಯಬಯಸುವವರು ಇಂದಿಗೂ ಅಲ್ಲಿಂದಲೇ ಶುರು ಮಾಡಬೇಕು.

ಆ ಪುಟಗಳಲ್ಲಿ ಕಾಣುವುದು ಸಂಚುಕೋರರ ಕೂಟವಲ್ಲ. ಶಾಲಾ ಮಾಸ್ತರರು, ರೈಲ್ವೆ ಕೆಲಸಗಾರರು, ಬಂದರಿನ ಕೂಲಿಗಳು, ಸಿಪಾಯಿಗಳು, ವಕೀಲರು ಅಲ್ಲಿದ್ದಾರೆ. ಶಿಯಾ, ಸುನ್ನಿ, ಕ್ರೈಸ್ತ, ಯಹೂದಿ, ಕುರ್ದ್ ಎನ್ನದೆ ಎಲ್ಲರೂ ಒಂದೇ ಸಂಘಟನೆಯಲ್ಲಿ ಬೆರೆತಿದ್ದರು. ಪಂಥ ಮತ್ತು ಬುಡಕಟ್ಟುಗಳ ಲೆಕ್ಕದಲ್ಲೇ ಇರಾಕನ್ನು ನೋಡುವ ಅಭ್ಯಾಸ ನಮಗಾಗಿದೆ. ಹಾಗಲ್ಲದೆ ಬಾಳಬಹುದೆಂದು ಆ ದೇಶದಲ್ಲಿ ಮೊದಲು ಮಾಡಿ ತೋರಿಸಿದವರಲ್ಲಿ ಈ ಪಕ್ಷದವರು ಮುಂದಿದ್ದರು. ಅದಕ್ಕೆ ಅವರು ತೆತ್ತ ಬೆಲೆ ಮಾತ್ರ ಅಷ್ಟಿಷ್ಟಲ್ಲ.

ಮೊದಲ ಮಹಾಯುದ್ಧದಲ್ಲಿ ಬಾಗ್ದಾದನ್ನು ಬ್ರಿಟಿಷರಿಗೆ ಗೆದ್ದುಕೊಟ್ಟ ದಂಡಿನಲ್ಲಿ ದೊಡ್ಡ ಪಾಲು ಭಾರತೀಯ ಸೈನಿಕರದು. 1932ರಲ್ಲಿ ದಿನಾರ್ ಬರುವವರೆಗೂ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. ಅದೇ ವರ್ಷ ಇರಾಕಿಗೆ ಸ್ವಾತಂತ್ರ್ಯ ಬಂತಾದರೂ ವಾಯುನೆಲೆಗಳು ಮತ್ತು ವಿದೇಶಾಂಗ ನೀತಿಯ ಮೇಲೆ ಲಂಡನ್ನಿನ ಹಿಡಿತ ಸಡಿಲಲಿಲ್ಲ. ಹಳ್ಳಿಗಳ ಸ್ಥಿತಿ ಇನ್ನೂ ಕಷ್ಟದ್ದಾಗಿತ್ತು. ಹಿಂದೆ ಇಡೀ ಬುಡಕಟ್ಟಿಗೆ ಸೇರಿದ್ದ ಭೂಮಿ ಶೇಖ್‌ಗಳ ಸ್ವಂತ ಹೆಸರಿಗೆ ದಾಖಲಾಗುತ್ತ ಹೋಯಿತು. ಸಾಲ ತೀರಿಸದ ಗೇಣಿದಾರ ಊರು ಬಿಟ್ಟು ಹೋಗುವಂತಿಲ್ಲ ಎಂದು 1933ರ ಕಾನೂನೊಂದು ಅವನನ್ನು ಜಮೀನಿಗೆ ಕಟ್ಟಿಹಾಕಿತು. 1958ರ ಹೊತ್ತಿಗೆ ಭೂಮಾಲೀಕರಲ್ಲಿ ಶೇ 1ಕ್ಕಿಂತ ಕಡಿಮೆ ಜನರ ಕೈಯಲ್ಲಿ ಖಾಸಗಿ ಜಮೀನಿನ ಅರ್ಧಕ್ಕಿಂತ ಹೆಚ್ಚು ಸೇರಿತ್ತು. ತಪ್ಪಿಸಿಕೊಂಡವರು, ಅದರಲ್ಲೂ ದಕ್ಷಿಣದ ಅಮಾರಾ ಸೀಮೆಯವರು, ಬಾಗ್ದಾದಿನ ಅಂಚಿನಲ್ಲಿ ಜೊಂಡು ಮತ್ತು ಮಣ್ಣಿನ ಗುಡಿಸಲು ಹಾಕಿಕೊಂಡರು. ಆ ಗುಡಿಸಲುಗಳ ಜನ ಈ ಕತೆಯ ಉದ್ದಕ್ಕೂ ಬರುತ್ತಾರೆ.

ಸಮಾಜವಾದಿ ವಿಚಾರ ಮೊದಲು ಮೊಳೆತದ್ದು ಓದಿದವರ ನಡುವೆ. 1924ರಲ್ಲಿ ಹುಸೇನ್ ಅಲ್-ರಹ್ಹಾಲ್ ಮತ್ತು ಗೆಳೆಯರು 'ಅಲ್-ಸಹೀಫಾ' ಎಂಬ ಪತ್ರಿಕೆ ಹೊರಡಿಸಿ ಹೆಂಗಸರ ಬಿಡುಗಡೆಯ ಬಗ್ಗೆ, ಇತಿಹಾಸದ ಭೌತವಾದಿ ನೋಟದ ಬಗ್ಗೆ ಬರೆದರು. ಆ ಬಳಗದ ಮಹಮೂದ್ ಅಹ್ಮದ್ ಅಲ್-ಸಯ್ಯಿದ್ ಇರಾಕಿ ಕಾದಂಬರಿಗೆ ಅಡಿಗಲ್ಲು ಹಾಕಿದವರು. 1928ರಲ್ಲಿ ಬಂದ ಅವರ 'ಜಲಾಲ್ ಖಾಲಿದ್' ಕಾದಂಬರಿಯ ನಾಯಕ ಭಾರತಕ್ಕೆ ಬರುತ್ತಾನೆ. ಇಲ್ಲಿನ ಪತ್ರಕರ್ತನೊಬ್ಬನ ಒಡನಾಟದಲ್ಲಿ ಹೊಸ ರಾಜಕೀಯ ವಿಚಾರಗಳಿಗೆ ಕಣ್ಣು ತೆರೆಯುತ್ತಾನೆ. ಆಗ ಎರಡೂ ದೇಶಗಳು ಒಂದೇ ಸಾಮ್ರಾಜ್ಯದ ಭಾರ ಹೊತ್ತಿದ್ದವು.

ಓದುಕೋಣೆಯ ವಿಚಾರವನ್ನು ಕಾರ್ಖಾನೆಗೆ, ಹೊಲಕ್ಕೆ ಮುಟ್ಟಿಸಿದವರು ಯೂಸುಫ್ ಸಲ್ಮಾನ್ ಯೂಸುಫ್. ಪಕ್ಷದಲ್ಲಿ ಅವರ ಹೆಸರು ಫಹದ್. 1901ರಲ್ಲಿ ಬಾಗ್ದಾದಿನ ಬಡ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಬಸ್ರಾದಲ್ಲಿ ಬೆಳೆದು, ನಾಸಿರಿಯಾದಲ್ಲಿ ದುಡಿದವರು. 1932ರ ಡಿಸೆಂಬರಿನಲ್ಲಿ ನಾಸಿರಿಯಾದ ಗೋಡೆಗಳ ಮೇಲೆ ಕುಡುಗೋಲು ಸುತ್ತಿಗೆಯ ಮೊದಲ ಭಿತ್ತಿಪತ್ರಗಳು ಕಾಣಿಸಿಕೊಂಡವು. ಬೇರೆಬೇರೆ ಊರುಗಳ ಪುಟ್ಟ ಗುಂಪುಗಳು ಬಾಗ್ದಾದಿನಲ್ಲಿ ಒಂದಾದ ದಿನವನ್ನು, ಅಂದರೆ 1934ರ ಮಾರ್ಚ್ 31ನ್ನು, ಪಕ್ಷ ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಮಾಸ್ಕೋದಲ್ಲಿ ಓದಿ ಮರಳಿದ ಫಹದ್ 1941ರಲ್ಲಿ ಕಾರ್ಯದರ್ಶಿಯಾದರು. ಸ್ವತಂತ್ರ ನಾಡು, ಸಂತಸದ ಜನ ಎಂಬ ಅರ್ಥದ ಘೋಷವಾಕ್ಯ ಅವರ ಕಾಲದ್ದೇ.

ಪಕ್ಷದ ಬಲವಿದ್ದದ್ದು ಆಯಕಟ್ಟಿನ ಮೂರು ಜಾಗಗಳಲ್ಲಿ: ಬಾಗ್ದಾದಿನ ರೈಲ್ವೆ ಕಾರ್ಯಾಗಾರ, ಬಸ್ರಾದ ಬಂದರು, ಕಿರ್ಕುಕ್‌ನ ತೈಲ. 1946ರ ಜುಲೈನಲ್ಲಿ ಕಿರ್ಕುಕ್‌ನ ತೈಲ ಕಾರ್ಮಿಕರು ಕೂಲಿ ಮತ್ತು ವಸತಿಗಾಗಿ ಮುಷ್ಕರ ಹೂಡಿ ಗಾವೂರ್‌ಬಾಗಿ ಎಂಬ ತೋಪಿನಲ್ಲಿ ಸೇರಿದ್ದಾಗ ಪೊಲೀಸರು ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದರು, ಗಾಯಗೊಳಿಸಿದರು. 1947ರ ಜನವರಿಯಲ್ಲಿ ಫಹದ್ ಸಿಕ್ಕಿಬಿದ್ದರು. ಮುಂದಿನ ಜನವರಿಯಲ್ಲಿ ಬ್ರಿಟನ್ನಿನ ಹಿಡಿತವನ್ನು ಮುಂದುವರಿಸುವ ಪೋರ್ಟ್ಸ್‌ಮತ್ ಒಪ್ಪಂದಕ್ಕೆ ಸಹಿ ಬಿತ್ತೆಂದು ತಿಳಿದದ್ದೇ ತಡ, ಬಾಗ್ದಾದ್ ಎದ್ದು ನಿಂತಿತು. ಜನವರಿ 27ರಂದು ಟೈಗ್ರಿಸ್ ಸೇತುವೆಯ ಮೇಲೆ ಪೊಲೀಸರ ಮೆಷಿನ್‌ಗನ್ನುಗಳು ಮೆರವಣಿಗೆಯತ್ತ ತಿರುಗಿದವು. ಆ ದಿನಗಳಲ್ಲಿ ಸತ್ತವರಲ್ಲಿ ಮಹಾಕವಿ ಮುಹಮ್ಮದ್ ಮಹ್ದಿ ಅಲ್-ಜವಾಹಿರಿಯ ತಮ್ಮ ಜಾಫರ್ ಒಬ್ಬರು. ಕವಿ ತಮ್ಮನಿಗಾಗಿ ಬರೆದ ಶೋಕಗೀತೆ ಇಡೀ ನಾಡಿನ ದುಃಖವಾಯಿತು. ಒಪ್ಪಂದ ಬಿತ್ತು, ಪ್ರಧಾನಿ ಸಾಲಿಹ್ ಜಬರ್ ಅಧಿಕಾರ ಬಿಟ್ಟರು.

ಬೀದಿಯಲ್ಲಿ ಗಳಿಸಿದ್ದನ್ನು ಪಕ್ಷ ಕೆಲವೇ ತಿಂಗಳಲ್ಲಿ ಕಳೆದುಕೊಂಡಿತು. ಪ್ಯಾಲೆಸ್ತೀನ್ ವಿಭಜನೆಯನ್ನು ಅದು ಮೊದಲು ವಿರೋಧಿಸಿತ್ತು. ಸೋವಿಯತ್ ಒಕ್ಕೂಟ ವಿಭಜನೆಯ ಪರ ನಿಂತಾಗ ಪಕ್ಷವೂ ನಿಲುವು ಬದಲಿಸಿತು. ಅರಬ್ ಜಗತ್ತಿನ ಎದೆಗೆ ನಾಟಿದ್ದ ಪ್ರಶ್ನೆಯಲ್ಲಿ ಸ್ವಂತ ವಿವೇಕವನ್ನು ಹೊರಗಿನವರಿಗೆ ಒಪ್ಪಿಸಿದ್ದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಪ್ಯಾಲೆಸ್ತೀನ್ ಯುದ್ಧದ ನೆಪದಲ್ಲಿ ಸೇನಾ ಕಾನೂನು ಬಂತು. ಜೈಲಿನಿಂದಲೇ ಪಕ್ಷ ನಡೆಸುತ್ತಿದ್ದ ಆರೋಪದ ಮೇಲೆ ಫಹದ್ ಅವರನ್ನು ಮತ್ತೆ ವಿಚಾರಣೆಗೆ ಎಳೆದರು. 1949ರ ಫೆಬ್ರುವರಿ 14ರ ನಸುಕಿಗೆ ಫಹದ್, ಝಕಿ ಬಾಸಿಮ್, ಹುಸೇನ್ ಅಲ್-ಶಬೀಬಿ ಈ ಮೂವರನ್ನೂ ಬಾಗ್ದಾದಿನ ಬೇರೆಬೇರೆ ಚೌಕಗಳಲ್ಲಿ ಗಲ್ಲಿಗೇರಿಸಿದರು. ಕೆಲಸಕ್ಕೆ ಹೊರಟ ಜನ ನೋಡಲೆಂದು ಶವಗಳನ್ನು ಹಾಗೆಯೇ ತೂಗಬಿಟ್ಟರು. ಹೆದರಿಸಲು ಮಾಡಿದ ಕೆಲಸ ತಿರುಗಿ ಬಿತ್ತು. ಸಣ್ಣ ಪಕ್ಷಕ್ಕೆ ದೊಡ್ಡ ಹುತಾತ್ಮರು ದೊರಕಿದರು.

ನಂತರದ ವರ್ಷಗಳು ಭೂಗತ ಬದುಕಿನವು. ಬಣಗಳಾಗಿ ಒಡೆದಿದ್ದ ಪಕ್ಷವನ್ನು 1955ರಿಂದ ಒಟ್ಟುಗೂಡಿಸಿದವರು ನಜಫ್‌ನಲ್ಲಿ ಹುಟ್ಟಿದ ಶಾಲಾ ಮಾಸ್ತರ ಹುಸೇನ್ ಅಲ್-ರದಿ, ಪಕ್ಷದ ಹೆಸರಿನಲ್ಲಿ ಸಲಾಮ್ ಆದಿಲ್. 1957ರಲ್ಲಿ ರಾಷ್ಟ್ರೀಯವಾದಿಗಳು, ಪ್ರಜಾಪ್ರಭುತ್ವವಾದಿಗಳು ಮತ್ತು ಅರಬ್ ಐಕ್ಯದ ಮಾತಾಡುತ್ತಿದ್ದ ಬಾಥ್ ಪಕ್ಷದ ಜತೆ ಸೇರಿ ಒಂದು ರಂಗ ಕಟ್ಟಿದರು. 1958ರ ಜುಲೈ 14ರಂದು ಬ್ರಿಗೇಡಿಯರ್ ಅಬ್ದುಲ್ ಕರೀಮ್ ಖಾಸಿಮ್ ನೇತೃತ್ವದ ಸೇನಾಧಿಕಾರಿಗಳು ರಾಜಪ್ರಭುತ್ವವನ್ನು ಕಿತ್ತೊಗೆದಾಗ ಲಕ್ಷಾಂತರ ಜನ ಬೀದಿಗಿಳಿದರು. ಆ ಜನಸಾಗರದಲ್ಲಿ ಕಮ್ಯುನಿಸ್ಟರೇ ಎಲ್ಲರಿಗಿಂತ ಸಂಘಟಿತರು.

ಮುಂದಿನ ಒಂದೂವರೆ ವರ್ಷವನ್ನು ನಾನು ಇರಾಕಿನ ವಸಂತವೆಂದೇ ಕರೆಯುತ್ತೇನೆ. ಸೆಪ್ಟೆಂಬರಿನಲ್ಲಿ ಭೂಸುಧಾರಣೆಯ ಕಾನೂನು ಬಂತು. ರೈತ ಸಂಘಗಳು, ಕಾರ್ಮಿಕ ಸಂಘಗಳು ಬಹಿರಂಗವಾಗಿ ತಲೆಯೆತ್ತಿದವು. ಗುಡಿಸಲುವಾಸಿಗಳಿಗಾಗಿ ಬಾಗ್ದಾದಿನ ಪೂರ್ವಕ್ಕೆ ಅಲ್-ಥೌರಾ, ಅಂದರೆ ಕ್ರಾಂತಿ ನಗರ, ಎದ್ದಿತು. ಹೆಂಗಸರ ಪಾಲಿಗಂತೂ ಅದು ಬೇರೆಯೇ ಕಾಲ. 1952ರಲ್ಲಿ ಮಹಿಳಾ ಹಕ್ಕುಗಳ ರಕ್ಷಣಾ ಸಂಘವನ್ನು ಗುಪ್ತವಾಗಿ ಕಟ್ಟಿದವರಲ್ಲಿ ಪ್ರಮುಖರು ವೈದ್ಯೆ ನಝೀಹಾ ಅಲ್-ದುಲೈಮಿ. ದಕ್ಷಿಣದ ಹಳ್ಳಿಗಳಲ್ಲಿ ಬಡವರನ್ನು ಕಾಡುತ್ತಿದ್ದ ಬೆಜೆಲ್ ಎಂಬ ಚರ್ಮರೋಗದ ಮೇಲೆ ಕೆಲಸ ಮಾಡುತ್ತ, ರೋಗದಷ್ಟೇ ಬಡತನವನ್ನೂ ಅಭ್ಯಾಸ ಮಾಡಿದವರು. 1959ರಲ್ಲಿ ಪ್ರಧಾನಿ ಖಾಸಿಮ್ ನಝೀಹಾ ಅವರನ್ನು ಪೌರಾಡಳಿತ ಸಚಿವೆಯನ್ನಾಗಿ ಮಾಡಿದರು. ಅರಬ್ ಜಗತ್ತಿನ ಮೊದಲ ಮಹಿಳಾ ಸಚಿವೆ ಅವರು. ಅದೇ ವರ್ಷದ ಕೊನೆಯಲ್ಲಿ ಜಾರಿಗೆ ಬಂದ 188ನೇ ಸಂಖ್ಯೆಯ ವೈಯಕ್ತಿಕ ಕಾನೂನನ್ನು ರೂಪಿಸುವಲ್ಲಿ ಅವರ ಕೈಯಿತ್ತು. ಶಿಯಾ, ಸುನ್ನಿ ಎನ್ನದೆ ಎಲ್ಲ ಮುಸ್ಲಿಮರಿಗೂ ಒಂದೇ ಕಾನೂನು. ಮದುವೆಗೆ 18 ವರ್ಷ ತುಂಬಿರಬೇಕು, ಎರಡನೇ ಮದುವೆಗೆ ನ್ಯಾಯಾಧೀಶರ ಅನುಮತಿ ಬೇಕು, ಉತ್ತರಾಧಿಕಾರದಲ್ಲಿ ಹೆಣ್ಣು ಗಂಡಿಗೆ ಸರಿಸಮ. ಕೊನೆಯದನ್ನು 1963ರಲ್ಲಿ ಅಧಿಕಾರಕ್ಕೆ ಬಂದವರು ಅಳಿಸಿಹಾಕಿದರು. ಉಳಿದದ್ದು ದಶಕಗಳ ಕಾಲ ನಿಂತಿತು.

ಇದೇ ಹೊತ್ತಿನಲ್ಲಿ ಪಕ್ಷದ ಮುಂದೆ ಅತಿ ದೊಡ್ಡ ಪ್ರಶ್ನೆ ನಿಂತದ್ದು. 1959ರ ಮೇ ದಿನದಂದು ಬಾಗ್ದಾದಿನಲ್ಲಿ ಕಮ್ಯುನಿಸ್ಟರು ನಡೆಸಿದ ಮೆರವಣಿಗೆಯಲ್ಲಿ ಕಡಿಮೆಯೆಂದರೂ ಮೂರು ಲಕ್ಷ ಜನರಿದ್ದರು. ಸರ್ಕಾರದಲ್ಲಿ ಪಕ್ಷಕ್ಕೆ ಪಾಲು ಬೇಕೆಂಬುದು ಅವರ ಕೂಗು. ಸದಸ್ಯರ ಸಂಖ್ಯೆ ಇಪ್ಪತ್ತು ಸಾವಿರ ದಾಟಿತ್ತು. ಸೈನ್ಯದಲ್ಲೂ ಬೆಂಬಲವಿತ್ತು. ವಾಯುಪಡೆಯ ಮುಖ್ಯಸ್ಥ ಜಲಾಲ್ ಅಲ್-ಔಕಾತಿ ಅವರದೂ ಅದೇ ಪಕ್ಷ. ಕೈಚಾಚಿದರೆ ಅಧಿಕಾರ ಎಟುಕುತ್ತಿತ್ತು. ಖಾಸಿಮ್ ಪಾಲು ಕೊಡಲು ಒಪ್ಪಲಿಲ್ಲ. ಅವರನ್ನು ಕೆಣಕಬೇಡಿ ಎಂಬ ಬುದ್ಧಿಮಾತು ಮಾಸ್ಕೋದಿಂದ ಬಂತು. ಪಶ್ಚಿಮದ ಜತೆ ಸಂಬಂಧ ಸುಧಾರಿಸುತ್ತಿದ್ದ ಕ್ರುಶ್ಚೇವ್‌ಗೆ ಕೊಲ್ಲಿಯಲ್ಲಿ ಹೊಸ ಬಿಕ್ಕಟ್ಟು ಬೇಡವಾಗಿತ್ತು. ಜುಲೈನಲ್ಲಿ ಕೇಂದ್ರ ಸಮಿತಿ ಸೇರಿ, ಅಧಿಕಾರದಲ್ಲಿ ಪಾಲು ಕೇಳಿದ್ದೇ ತಪ್ಪಾಯಿತೆಂದು ಬರೆದು ಹಿಂದೆ ಸರಿಯಿತು.

ಹಿಂದೆ ಸರಿಯದಿದ್ದರೆ ಏನಾಗುತ್ತಿತ್ತೋ, ಯಾರೂ ಖಚಿತವಾಗಿ ಹೇಳಲಾರರು. ರಕ್ತಪಾತವೂ ಆಗಬಹುದಿತ್ತು. ಆದರೆ ಒಂದು ಮಾತು ಸ್ಪಷ್ಟ. ಅಧಿಕಾರ ಹಿಡಿಯುವುದಿಲ್ಲವೆಂದು ತೀರ್ಮಾನಿಸಿದ ಪಕ್ಷ ತನ್ನ ಜನರ ರಕ್ಷಣೆಗೆ ಬೇರೆ ದಾರಿ ಹುಡುಕಬೇಕಿತ್ತು. ಅದನ್ನೂ ಮಾಡದೆ ಒಬ್ಬ ಸೇನಾಧಿಕಾರಿಯ ಸದ್ಭಾವನೆಗೆ ತನ್ನ ಕೊರಳನ್ನು ಒಪ್ಪಿಸಿ ಕೂತಿತು.

ಪಕ್ಷದ ಕೈಗಳೂ ಶುಭ್ರವಾಗಿರಲಿಲ್ಲ. 1959ರ ಮಾರ್ಚಿನಲ್ಲಿ ಮೊಸುಲ್‌ನಲ್ಲಿ ಕರ್ನಲ್ ಶವ್ವಾಫ್ ಖಾಸಿಮ್ ವಿರುದ್ಧ ಬಂಡಾಯವೆದ್ದು ಸೋತ ಮೇಲೆ ಊರು ನಾಲ್ಕು ದಿನ ಹೊತ್ತಿ ಉರಿಯಿತು. ಕಮ್ಯುನಿಸ್ಟರ ಕೈಯಲ್ಲಿದ್ದ ಬೀದಿ ನ್ಯಾಯಾಲಯ ಜನರನ್ನು ಕೊಂದಿತು. ಜುಲೈ 14ರಂದು ಕಿರ್ಕುಕ್‌ನಲ್ಲಿ ತುರ್ಕಮನ್ನರ ಹತ್ಯೆ ನಡೆದಾಗ ದಾಳಿಕೋರರಲ್ಲಿ ಪಕ್ಷದ ಜತೆ ನಂಟಿದ್ದ ಕುರ್ದರು ಬಹಳವಿದ್ದರು. ನಾಯಕತ್ವ ಆಜ್ಞೆ ಕೊಡದೆ ಇರಬಹುದು. ತನ್ನ ಧ್ವಜದಡಿ ನಡೆದದ್ದರ ಹೊಣೆಯಿಂದ ಅದು ತಪ್ಪಿಸಿಕೊಳ್ಳಲಾಗದು. ಮಧ್ಯಮ ವರ್ಗ ಬೆದರಿತು. ಖಾಸಿಮ್ ದೂರ ಸರಿದರು. 1960ರಲ್ಲಿ ಪಕ್ಷಕ್ಕೆ ಪರವಾನಗಿ ನಿರಾಕರಿಸಿ, ಅದೇ ಹೆಸರು ಹೇಳಿಕೊಂಡ ಸಣ್ಣ ಬಣವೊಂದಕ್ಕೆ ಕೊಟ್ಟರು. ನಜಫ್‌ನ ಹಿರಿಯ ಧರ್ಮಗುರು ಮುಹ್ಸಿನ್ ಅಲ್-ಹಕೀಮ್ ಕಮ್ಯುನಿಸಂ ಧರ್ಮದ್ರೋಹವೆಂದು ಫತ್ವಾ ಹೊರಡಿಸಿದರು.

1963ರ ಫೆಬ್ರುವರಿ 8, ರಂಜಾನ್ ತಿಂಗಳ ಶುಕ್ರವಾರ. ಬಾಥ್ ಪಕ್ಷದ ಸೇನಾಧಿಕಾರಿಗಳು ದಂಗೆ ಎದ್ದರು. ಅವರ ಮೊದಲ ಬಲಿಗಳಲ್ಲೊಬ್ಬರು ಅಲ್-ಔಕಾತಿ. ರಕ್ಷಣಾ ಸಚಿವಾಲಯದ ಮುಂದೆ ಸೇರಿದ ಬಡವರು ಆಯುಧ ಕೊಡಿ ಎಂದು ಬೇಡಿದರು. ಖಾಸಿಮ್ ಕೊಡಲಿಲ್ಲ. ಮರುದಿನ ಅವರನ್ನೇ ಬಾನುಲಿ ಮತ್ತು ಟಿ.ವಿ. ಕೇಂದ್ರದಲ್ಲಿ ಗುಂಡಿಕ್ಕಿ ಕೊಂದು, ಹೆಣವನ್ನು ಪರದೆಯ ಮೇಲೆ ತೋರಿಸಿದರು. ಕಾಝಿಮಿಯಾದಲ್ಲಿ, ಅಲ್-ಥೌರಾದಲ್ಲಿ ಜನ ಕೈಗೆ ಸಿಕ್ಕದ್ದನ್ನು ಹಿಡಿದು ಹೋರಾಡಿದರು. ಕಮ್ಯುನಿಸ್ಟರನ್ನು ಕಂಡಲ್ಲಿ ಕೊಲ್ಲಿ ಎನ್ನುವ 13ನೇ ಪ್ರಕಟಣೆ ಬಾನುಲಿಯಲ್ಲಿ ಬಿತ್ತರವಾಯಿತು. ಹಸಿರು ತೋಳುಪಟ್ಟಿ ಕಟ್ಟಿದ ರಾಷ್ಟ್ರೀಯ ಗಾರ್ಡ್ ಪಡೆ ಪಟ್ಟಿ ಹಿಡಿದು ಮನೆಮನೆಗೆ ನುಗ್ಗಿತು. ಆ ಪಟ್ಟಿಯ ಹಿಂದೆ ಅಮೆರಿಕದ ಗುಪ್ತಚರರಿದ್ದಾರೆಂದು ಆ ವರ್ಷವೇ ಆರೋಪಿಸಿದವರು ಜೋರ್ಡಾನಿನ ದೊರೆ ಹುಸೇನ್. ಹಳೆಯ ಅರಮನೆಯೊಂದು ಚಿತ್ರಹಿಂಸೆಯ ಕೇಂದ್ರವಾಯಿತು. ಸಲಾಮ್ ಆದಿಲ್ ಅಲ್ಲಿಯೇ ಸತ್ತರು. ಸತ್ತವರ ಲೆಕ್ಕ ಯಾರೂ ಸರಿಯಾಗಿ ಇಡಲಿಲ್ಲ, ಐದು ಸಾವಿರದವರೆಗೂ ಅಂದಾಜುಗಳಿವೆ.

ಆ ವರ್ಷದ ಜುಲೈ 3ರಂದು ಹಸನ್ ಸರೀ ಎಂಬ ಕಾರ್ಪೊರಲ್ ಬಾಗ್ದಾದಿನ ರಶೀದ್ ದಂಡುಪ್ರದೇಶದಲ್ಲಿ ಕೈದಿಗಳನ್ನು ಬಿಡಿಸಲೆಂದು ಸಿಪಾಯಿಗಳ ಜತೆ ದಂಗೆ ಎದ್ದು, ಕೆಲವೇ ಗಂಟೆಗಳಲ್ಲಿ ಸೋತ. ಬೆದರಿದ ಸರ್ಕಾರ ಸುಮಾರು 500 ಕೈದಿಗಳನ್ನು ಸರಕು ಸಾಗಿಸುವ ಕಬ್ಬಿಣದ ವ್ಯಾಗನ್‌ಗಳಲ್ಲಿ ತುಂಬಿ, ಬಾಗಿಲು ಜಡಿದು ಮರುಭೂಮಿಯತ್ತ ಕಳಿಸಿತು. ಇರಾಕಿನ ಜುಲೈ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ಒಳಗಿದ್ದವರಲ್ಲಿ ಸೇನಾಧಿಕಾರಿಗಳು, ವೈದ್ಯರು, ಎಂಜಿನಿಯರುಗಳು ಇದ್ದರು. ತಾನು ಎಳೆಯುತ್ತಿರುವುದು ಸರಕಲ್ಲ, ಮನುಷ್ಯರನ್ನು ಎಂದು ದಾರಿಯಲ್ಲಿ ತಿಳಿದ ಚಾಲಕ ಅಬ್ದುಲ್ ಅಬ್ಬಾಸ್ ಅಲ್-ಮುಫ್ರಜಿ ಆಜ್ಞೆ ಮೀರಿ ರೈಲನ್ನು ಓಡಿಸಿದರು, ಹೊತ್ತಿಗೆ ಮುಂಚೆ ಸಮಾವಾ ತಲುಪಿಸಿದರು. ಊರಿನ ಗಂಡಸರು ಹೆಂಗಸರು ನೀರು, ಉಪ್ಪು ಹಿಡಿದು ನಿಲ್ದಾಣಕ್ಕೆ ಓಡಿಬಂದರು. ಹೆಚ್ಚಿನವರು ಬದುಕಿಕೊಂಡರು. ಇರಾಕಿಗಳು ಇದನ್ನು ಸಾವಿನ ರೈಲು ಎನ್ನುತ್ತಾರೆ. ಆಜ್ಞೆ ಮೀರಿದ ಚಾಲಕನನ್ನೂ ಮರೆತಿಲ್ಲ.

ಆ ಕೈದಿಗಳು ಸೇರಿದ ಜಾಗ ನುಗ್ರತ್ ಅಲ್-ಸಲ್ಮಾನ್, ಮರಳುಗಾಡಿನ ನಡುವಿನ ಕೋಟೆ ಜೈಲು. ಅಲ್ಲಿ ಅವರು ಭಾಷೆ ಕಲಿತರು, ಪಾಠ ಮಾಡಿದರು, ಕವಿತೆ ಕಟ್ಟಿದರು. ದಕ್ಷಿಣ ಇರಾಕಿನ ಆಡುಮಾತಿನಲ್ಲಿ ಬರೆದ ಮುಝಫ್ಫರ್ ಅಲ್-ನವ್ವಾಬ್ ಅಲ್ಲಿದ್ದವರು. ಹಿಲ್ಲಾ ಜೈಲಿಗೆ ವರ್ಗವಾದ ಮೇಲೆ 1967ರಲ್ಲಿ ಜತೆಗಾರರೊಂದಿಗೆ ಸುರಂಗ ತೋಡಿ ಹೊರಬಿದ್ದರು. ಆಧುನಿಕ ಅರಬ್ಬೀ ಕಾವ್ಯಕ್ಕೆ ಹೊಸ ಛಂದ ತಂದ ಬದರ್ ಶಾಕಿರ್ ಅಲ್-ಸಯ್ಯಾಬ್ ಯೌವನದಲ್ಲಿ ಪಕ್ಷದಲ್ಲಿದ್ದು, ಆಮೇಲೆ ಅದರ ಕಡು ವಿರೋಧಿಯಾದರು. ಸಾದಿ ಯೂಸುಫ್ ಕೊನೆಯವರೆಗೂ ತಾನು ಕಮ್ಯುನಿಸ್ಟನೆಂದೇ ಹೇಳಿಕೊಂಡರು. ಇರಾಕಿನ ಒಳ್ಳೆಯ ಸಾಹಿತ್ಯ, ಚಿತ್ರಕಲೆ, ರಂಗಭೂಮಿಗಳ ಚರಿತ್ರೆಯನ್ನು ಈ ಪಕ್ಷವನ್ನು ಬಿಟ್ಟು ಬರೆಯಲಾಗದು.

1967ರಲ್ಲಿ ಅಝೀಝ್ ಅಲ್-ಹಾಜ್ ನೇತೃತ್ವದಲ್ಲಿ ಪಕ್ಷ ಒಡೆಯಿತು. ಆ ಬಣದ ಕೆಲವರು ದಕ್ಷಿಣದ ಜೌಗು ಪ್ರದೇಶದಲ್ಲಿ ಬಂದೂಕು ಹಿಡಿದು ಮಡಿದರು. ನಡುವೆ ಅಧಿಕಾರ ಕಳೆದುಕೊಂಡಿದ್ದ ಬಾಥ್ 1968ರಲ್ಲಿ ಮತ್ತೆ ಗದ್ದುಗೆಗೆ ಬಂತು, ಈ ಬಾರಿ ಮಾತಿನಲ್ಲಿ ಎಡಪಂಥೀಯವಾಗಿ. ಸೋವಿಯತ್ ಒಕ್ಕೂಟದ ಜತೆ ಸ್ನೇಹ ಒಪ್ಪಂದ, 1972ರಲ್ಲಿ ತೈಲ ಕಂಪನಿಯ ರಾಷ್ಟ್ರೀಕರಣ. 1973ರ ಜುಲೈನಲ್ಲಿ ಪಕ್ಷದ ಮುಖ್ಯಸ್ಥ ಅಝೀಝ್ ಮುಹಮ್ಮದ್ ಅವರು, ಹತ್ತು ವರ್ಷದ ಹಿಂದೆ ತಮ್ಮ ಸಂಗಾತಿಗಳನ್ನು ಕೊಂದ ಅದೇ ಬಾಥ್ ಜತೆ ಜಂಟಿ ರಂಗದ ಒಪ್ಪಂದಕ್ಕೆ ಸಹಿ ಹಾಕಿದರು.

ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ನೋವು ತರುವ ತೀರ್ಮಾನವಿದು. ಪಕ್ಷಕ್ಕೆ ದಕ್ಕಿದ್ದು ಎರಡು ಸಚಿವ ಸ್ಥಾನ, 'ತರೀಖ್ ಅಲ್-ಶಾಬ್' ಪತ್ರಿಕೆಯನ್ನು ಬಹಿರಂಗವಾಗಿ ಅಚ್ಚು ಹಾಕುವ ಅನುಮತಿ. ತೆತ್ತದ್ದು ಸೈನ್ಯದಲ್ಲಿ ಸಂಘಟನೆ ಮಾಡುವ ಹಕ್ಕು. ಆಮೇಲೆ ವಿದ್ಯಾರ್ಥಿ, ಯುವಜನ, ಮಹಿಳಾ ಸಂಘಗಳ ಕೆಲಸವನ್ನೂ ನಿಲ್ಲಿಸಿತು. ಕುರ್ದರ ಮೇಲೆ ಸರ್ಕಾರ ಯುದ್ಧ ಸಾರಿದಾಗ ಸರ್ಕಾರದ ಪಕ್ಕ ನಿಂತಿತು. ಬಾಥ್ ಆಡಳಿತದೊಳಗೆ ಹಿಡಿತ ಬಿಗಿಗೊಳಿಸುತ್ತಿದ್ದ ಸದ್ದಾಂ ಹುಸೇನ್‌ಗೆ ಬೇಕಾಗಿದ್ದದ್ದು ಸಮಯ. 1973ರ ನಂತರ ತೈಲದ ಹಣ ಹರಿದು ಬಂದು ಆಡಳಿತ ಬಲಿತ ಮೇಲೆ ಮಿತ್ರರ ಅಗತ್ಯ ಮುಗಿಯಿತು. ಸೈನ್ಯದೊಳಗೆ ಘಟಕ ಕಟ್ಟಿದ ಆರೋಪದ ಮೇಲೆ 1978ರಲ್ಲಿ ಕಮ್ಯುನಿಸ್ಟರನ್ನು ಸಾಲಾಗಿ ಕೊಂದರು. ಬಂಧನ, ಚಿತ್ರಹಿಂಸೆ, ಬಲವಂತದ ತಪ್ಪೊಪ್ಪಿಗೆ ಪತ್ರಗಳು. 1979ರ ಹೊತ್ತಿಗೆ ಉಳಿದವರು ದೇಶ ಬಿಟ್ಟಿದ್ದರು. ಕೆಲವರು ಕುರ್ದಿಸ್ತಾನದ ಬೆಟ್ಟಗಳಿಗೆ ಹೋಗಿ ಗೆರಿಲ್ಲಾ ಪಡೆ ಕಟ್ಟಿದರು. ಅಲ್ಲಿಯೂ ನೆಮ್ಮದಿಯಿಲ್ಲ. 1983ರ ಮೇ ತಿಂಗಳಲ್ಲಿ ಕುರ್ದ್ ನಾಯಕ ಜಲಾಲ್ ತಾಲಬಾನಿಯವರ ಪಕ್ಷದ ಪಡೆ ಪುಶ್ತ್ ಆಶಾನ್‌ನಲ್ಲಿದ್ದ ಕಮ್ಯುನಿಸ್ಟ್ ನೆಲೆಗೆ ನುಗ್ಗಿ ಹತ್ತಾರು ಜನರನ್ನು ಕೊಂದಿತು.

2003ರಲ್ಲಿ ಪಕ್ಷ ಸದ್ದಾಂ ಆಡಳಿತವನ್ನೂ ಅಮೆರಿಕದ ಯುದ್ಧವನ್ನೂ ಒಟ್ಟಿಗೆ ವಿರೋಧಿಸಿತು. ಆಮೇಲೆ ಆಕ್ರಮಣಕಾರರು ನೇಮಿಸಿದ 25 ಸದಸ್ಯರ ಆಡಳಿತ ಮಂಡಳಿಯಲ್ಲಿ ಕುರ್ಚಿ ಪಡೆಯಿತು. ಮತ್ತದೇ ನಡೆ. ಆ ಮಂಡಳಿಯಲ್ಲಿ ಸ್ಥಾನ ಹಂಚಿದ್ದು ಶಿಯಾ, ಸುನ್ನಿ, ಕುರ್ದ್ ಲೆಕ್ಕದಲ್ಲಿ. ಪಂಥ ಮೀರಿ ನಿಂತ ಪಕ್ಷದ ನಾಯಕ ಹಮೀದ್ ಮಜೀದ್ ಮೂಸಾ ಶಿಯಾ ಪಾಲಿನಲ್ಲಿ ಲೆಕ್ಕಕ್ಕೆ ಬಂದರು. 2005ರ ಜನವರಿಯ ಚುನಾವಣೆಯಲ್ಲಿ ಪಕ್ಷ ಗೆದ್ದದ್ದು ಎರಡು ಸ್ಥಾನ.

ಆ ಹೊತ್ತಿಗೆ ಕ್ರಾಂತಿ ನಗರಕ್ಕೆ ಸದರ್ ಸಿಟಿ ಎಂಬ ಹೆಸರು ಬಂದಿತ್ತು. 1963ರಲ್ಲಿ ಕಮ್ಯುನಿಸ್ಟರಿಗಾಗಿ ಜೀವ ಕೊಟ್ಟ ಬೀದಿಗಳಲ್ಲಿ ಈಗ ಶಿಯಾ ಧರ್ಮಗುರು ಮುಕ್ತದಾ ಅಲ್-ಸದರ್ ಅವರ ಚಿತ್ರಗಳು. ಜನ ಅವರೇ, ಅಮಾರಾದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಕೆಲಸವಿಲ್ಲ, ಕರೆಂಟಿಲ್ಲ, ಕುಡಿಯುವ ನೀರಿಲ್ಲ ಎಂಬ ದೂರೂ ಹಳೆಯದೇ. ಪಕ್ಷ ದೇಶಾಂತರದಲ್ಲಿದ್ದ ವರ್ಷಗಳಲ್ಲಿ ಅವರ ಕಷ್ಟಕ್ಕೆ ಕಿವಿಗೊಟ್ಟದ್ದು ಮಸೀದಿ. ಹಾಗಾಗಿ 2015ರ ಪ್ರತಿಭಟನೆಗಳಲ್ಲಿ ಭೇಟಿಯಾದ ಕಮ್ಯುನಿಸ್ಟರು ಮತ್ತು ಸದರ್ ಬೆಂಬಲಿಗರು 2018ರ ಚುನಾವಣೆಗೆ 'ಸಾಯಿರೂನ್' ಎಂಬ ಕೂಟ ಕಟ್ಟಿದ್ದು ನನಗೆ ಅಚ್ಚರಿಯೆನಿಸುವುದಿಲ್ಲ. 329 ಸ್ಥಾನಗಳ ಸಂಸತ್ತಿನಲ್ಲಿ 54 ಗೆದ್ದು ಆ ಕೂಟ ಮೊದಲ ಸ್ಥಾನಕ್ಕೆ ಬಂತು. ಅದರಲ್ಲಿ ಕಮ್ಯುನಿಸ್ಟರ ಪಾಲು ಎರಡು. ಹಿಡಿತವೆಲ್ಲ ಸದರ್ ಕೈಯಲ್ಲೇ ಇತ್ತು.

2019ರ ಅಕ್ಟೋಬರಿನಲ್ಲಿ ಬಾಗ್ದಾದಿನಿಂದ ನಾಸಿರಿಯಾದವರೆಗೆ ಯುವಜನ ಭ್ರಷ್ಟಾಚಾರ ಮತ್ತು ಪಂಥವಾರು ಪಾಲುಗಾರಿಕೆಯ ವಿರುದ್ಧ ಬೀದಿಗಿಳಿದರು. ಭದ್ರತಾ ಪಡೆ ಮತ್ತು ಸಶಸ್ತ್ರ ಗುಂಪುಗಳ ಗುಂಡಿಗೆ ಮುಂದಿನ ತಿಂಗಳುಗಳಲ್ಲಿ ಸುಮಾರು 600 ಜನ ಸತ್ತರು. ಕಮ್ಯುನಿಸ್ಟ್ ಸಂಸದರಾದ ರಾಯಿದ್ ಫಹ್ಮಿ ಮತ್ತು ನಾಸಿರಿಯಾದ ಹೈಫಾ ಅಲ್-ಅಮೀನ್ ಅದೇ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. 1959ರಲ್ಲಿ, 1973ರಲ್ಲಿ, 2003ರಲ್ಲಿ ಪಕ್ಷ ಮಾಡಲಾಗದ್ದನ್ನು ಇಬ್ಬರು ಮಾಡಿದರು. ಗದ್ದುಗೆಯ ನೆರಳು ಬಿಟ್ಟು ಬೀದಿಯ ಬಿಸಿಲಿಗೆ ಬಂದರು. 2021ರ ಚುನಾವಣೆಯನ್ನು ಪಕ್ಷ ಬಹಿಷ್ಕರಿಸಿತು. ಅದು ಈಗ ಸಣ್ಣ ಪಕ್ಷ, ವಯಸ್ಸಾದವರ ಪಕ್ಷ. ಆದರೂ ಅರಬ್ ಜಗತ್ತಿನಲ್ಲಿ ಇಷ್ಟು ಸಲ ಕೊಲ್ಲಿಸಿಕೊಂಡು, ತೊಂಬತ್ತು ವರ್ಷ ದಾಟಿ, ಅದೇ ಹೆಸರಿನಲ್ಲಿ ನಿಂತ ಪಕ್ಷ ನನಗೆ ತಿಳಿದ ಮಟ್ಟಿಗೆ ಇನ್ನೊಂದಿಲ್ಲ.

ಅದು ಬಿಟ್ಟುಹೋದ ಗುರುತುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು 1959ರ ಆ ವೈಯಕ್ತಿಕ ಕಾನೂನು. ರಾಜಕೀಯ ಇಸ್ಲಾಂನ ಪಕ್ಷಗಳು 2003ರಿಂದ ಅದನ್ನು ಕಿತ್ತುಹಾಕಲು ಮತ್ತೆ ಮತ್ತೆ ಪ್ರಯತ್ನಿಸಿದವು. ಹೆಂಗಸರು ಮತ್ತೆ ಮತ್ತೆ ತಡೆದರು. 2025ರ ಜನವರಿ 21ರಂದು ಇರಾಕಿ ಸಂಸತ್ತು ಬೇರೆ ಎರಡು ಮಸೂದೆಗಳ ಜತೆ ಕಟ್ಟಿ, ಒಂದೇ ಮತದಾನದಲ್ಲಿ ಅದರ ತಿದ್ದುಪಡಿಗೆ ಅಂಗೀಕಾರ ಕೊಟ್ಟಿತು. ಮದುವೆ, ವಿಚ್ಛೇದನ, ಮಕ್ಕಳ ಪಾಲನೆಯ ವಿಷಯದಲ್ಲಿ ಶಿಯಾ ಪಂಥದ ಪ್ರತ್ಯೇಕ ನಿಯಮಗಳಿಗೆ ಅದು ಬಾಗಿಲು ತೆರೆಯಿತು. ಎಲ್ಲರಿಗೂ ಒಂದೇ ಎಂಬ ಆ ಕಾನೂನು ಅಲ್ಲಿಯವರೆಗೆ 65 ವರ್ಷ ಬಾಳಿತ್ತು.